ನೌಕಾಯಾತ್ರೆಯೂ ದುರ್ಬೀನೂ

ಕೆಲವು ಪ್ರಶ್ನೆಗಳು ಅಂಗಡಿಯ ಕಟ್ಟೆಯ ಮೇಲೆ ಹುಟ್ಟಿ ಅಲ್ಲಿಯೇ ತೀರಿಹೋಗತಕ್ಕವುಗಳಂತೆ ತೋರುವುವು. ಅವುಗಳನ್ನು ಮನೆಗೆ ತಂದು ಸಾವಧಾನವಾಗಿ ಬಿಚ್ಚಿ ನೋಡಿದರೆ ಒಳಗೆ ಧರ್ಮವಿಚಾರವೊಂದು ಅಡಗಿರುವುದು ಕಂಡುಬರುವುದು. ಹಡಗಿನಲ್ಲಿ ವಿಹಾರಯಾತ್ರೆಗೆ ಹೊರಡುವವರು ದುರ್ಬೀನನ್ನು ಸಂಗಡ ಒಯ್ಯಬೇಕೋ ಬೇಡವೋ, ಒಯ್ಯುವುದಾದರೆ ಯಾವ ಬಗೆಯದನ್ನು ಒಯ್ಯಬೇಕು ಎಂಬುದು ಅಂಥ ಪ್ರಶ್ನೆಗಳಲ್ಲೊಂದು. ದುರ್ಬೀನೆಂದು ನಾವಿಲ್ಲಿ ಹೇಳುವುದು ಎರಡು ಕಣ್ಣಿಗೂ ಒಟ್ಟಿಗೆ ಹಿಡಿಯುವ ಜೋಡಿನಳಿಗೆಯ ಸಾಧನವನ್ನು. ಈಗಿನವರು ಅದನ್ನು ಬೈನಾಕ್ಯುಲರ್ ಎನ್ನುವರು. ಅದರ ಬೆಲೆ, ತೂಕ, ತಯಾರಕರ ಹೆಸರು, ಇವು ವ್ಯಾಪಾರಿಯು ಹೇಳಬಹುದಾದ ಮಾತುಗಳು. ದೂರದಲ್ಲಿರುವುದನ್ನು ಹತ್ತಿರಕ್ಕೆ ತಂದುಕೊಂಡು ನೋಡುವ ಆಸೆಯು ಯಾವ ಮಟ್ಟಿಗೆ ಯುಕ್ತವು, ಆ ನೋಟದಿಂದ ನೋಡುವವನಿಗೂ ನೋಡಲ್ಪಡುವುದಕ್ಕೂ ಪಕ್ಕದಲ್ಲಿ ನಿಂತವರಿಗೂ ಏನಾಗುವುದು ಎಂಬುದನ್ನು ವ್ಯಾಪಾರಿಯನ್ನು ಕೇಳಿ ಫಲವಿಲ್ಲ. ಅದನ್ನು ನಾವೇ ವಿಚಾರಿಸಿಕೊಳ್ಳಬೇಕು.

ಈ ಪ್ರಶ್ನೆಯು ನಮ್ಮ ಮನೆಗಳಿಗೆ ಈಗ ಹೊರಗಿನದಾಗಿ ಉಳಿದಿಲ್ಲ. ಅಮೆರಿಕದ ಸಿಯಾಟಲ್ ನಗರದಲ್ಲಿಯೂ ಅದರ ಆಸುಪಾಸಿನಲ್ಲಿಯೂ ಉದ್ಯೋಗಸ್ಥರಾಗಿರುವ ಕನ್ನಡಿಗರು ಅನೇಕರಿರುವರು. ಅವರಲ್ಲಿ ಕೆಲವರು ಬೇಸಗೆಯಲ್ಲಿ ತಂದೆತಾಯಿಗಳನ್ನು ಕರೆಯಿಸಿಕೊಂಡು, ಆ ರೇವಿನಿಂದ ಉತ್ತರಕ್ಕೆ ಅಲಾಸ್ಕಾ ತೀರದವರೆಗೆ ಹೋಗಿ ಬರುವ ದೊಡ್ಡ ಹಡಗುಗಳಲ್ಲಿ ಒಂದು ವಾರದ ಯಾತ್ರೆ ಮಾಡಿಸುವುದುಂಟು. ಕಾಶಿ ರಾಮೇಶ್ವರಗಳಿಗೆ ಹೊರಡುವಾಗ ಏನನ್ನು ಗಂಟು ಕಟ್ಟಬೇಕೆಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಹಿಮನದಿಗಳ ದೇಶಕ್ಕೆ ಹೊರಡುವಾಗ ಏನನ್ನು ಕಟ್ಟಬೇಕೆಂಬುದಕ್ಕೆ ಸಂಪ್ರದಾಯವಿಲ್ಲ. ಆದುದರಿಂದ ಆ ಯಾತ್ರೆಯನ್ನೇ ಉದಾಹರಣೆಯಾಗಿಟ್ಟುಕೊಂಡು ವಿಚಾರ ಮಾಡುವುದು ಅನುಕೂಲವು.

ಈ ಯಾತ್ರೆಗಳಲ್ಲಿ ಬಹು ಪ್ರಸಿದ್ಧವಾದ ಸ್ಥಳವು ಗ್ಲೇಸಿಯರ್ ಬೇ, ಎಂದರೆ ಹಿಮನದಿಗಳ ಕೊಲ್ಲಿಯು. ಅದರ ಚರಿತ್ರೆಯು ಆಶ್ಚರ್ಯಕರವಾದುದು. 1794ರಲ್ಲಿ ಕ್ಯಾಪ್ಟನ್ ವ್ಯಾಂಕೂವರನ ನಾವಿಕರು ಅಲ್ಲಿಗೆ ಬಂದಾಗ ಕೊಲ್ಲಿಯೆಂಬುದು ಹೆಸರಿಗೆ ಮಾತ್ರ ಇದ್ದಿತು. ದಡದಿಂದ ಕೆಲವೇ ಮೈಲಿ ಒಳಗೆ ಮಂಜುಗಡ್ಡೆಯ ಮಹಾಪ್ರಾಕಾರವು ದಾರಿಯನ್ನು ಮುಚ್ಚಿ ನಿಂತಿತ್ತು. 1879ರಲ್ಲಿ ಜಾನ್ ಮ್ಯೂರ್ ಎಂಬ ಪ್ರಕೃತಿಶಾಸ್ತ್ರಜ್ಞನು ದೋಣಿಯಲ್ಲಿ ಬಂದು ನೋಡಿದಾಗ ಆ ಪ್ರಾಕಾರವು 30 ಮೈಲಿಗಿಂತಲೂ ಹೆಚ್ಚು ಹಿಂದಕ್ಕೆ ಸರಿದಿದ್ದಿತು. 1916ರ ವೇಳೆಗೆ ಸುಮಾರು 60 ಮೈಲಿ ಹಿಂದಕ್ಕೆ ಹೋಗಿತ್ತು. ಈಗ ಹಡಗುಗಳು ಆ ತೆರವಾದ ನೀರಿನ ಮೇಲೆಯೇ ಸಾಗಿ, ಮಾರ್ಜರಿ ಎಂಬ ಹಿಮನದಿಯ ಮುಖದೆದುರು ನಿಲ್ಲುವುವು. ಆ ಮುಖದ ಅಗಲವು ಸುಮಾರು ಒಂದು ಮೈಲಿ. ನೀರಿನ ಮೇಲೆ ಅದರ ಎತ್ತರವು ಸುಮಾರು 250 ಅಡಿ. 1925ರಲ್ಲಿ ಸಂರಕ್ಷಿತ ಸ್ಮಾರಕವೆಂದೂ 1980ರಲ್ಲಿ ರಾಷ್ಟ್ರೀಯ ಉದ್ಯಾನವೆಂದೂ ಈ ಪ್ರದೇಶವನ್ನು ಅಲ್ಲಿನ ಸರಕಾರವು ಗೊತ್ತುಮಾಡಿತು. ದಿನಕ್ಕೆ ಎರಡು ದೊಡ್ಡ ವಿಹಾರನೌಕೆಗಳಿಗಿಂತ ಹೆಚ್ಚಿಗೆ ಪ್ರವೇಶವಿಲ್ಲ. ಯಾತ್ರಿಕನಿಗೆ ಇಡೀ ವಾರದಲ್ಲಿ ಇದಕ್ಕಾಗಿ ದೊರೆಯುವುದು ಒಂದು ಹಗಲು. ಆ ಒಂದು ಹಗಲಿನಲ್ಲಿ ಕಣ್ಣನ್ನು ಹೇಗೆ ಉಪಯೋಗಿಸಬೇಕೆಂಬುದೇ ನಮ್ಮ ಪ್ರಶ್ನೆಯ ತಿರುಳು.

ದುರ್ಬೀನು ಬೇಡವೆನ್ನುವವರ ಪೂರ್ವಪಕ್ಷವನ್ನು ಮೊದಲು ಕೇಳೋಣ. ಅದು ಹಗುರವಾದ ಪಕ್ಷವಲ್ಲ. ಅವರು ಹೇಳುವುದೇನೆಂದರೆ: ಪರ್ವತಗಳೂ ಹಿಮಪ್ರಾಕಾರಗಳೂ ಬರಿಯ ಕಣ್ಣಿಗೆ ತುಂಬಿ ಮಿಗುವಷ್ಟು ದೊಡ್ಡವಾಗಿರುವಲ್ಲಿ ಅವುಗಳನ್ನು ಇನ್ನೂ ದೊಡ್ಡದು ಮಾಡಿ ನೋಡುವುದರಿಂದ ಏನು ಪ್ರಯೋಜನ? ಭಗವಂತನು ಕೊಟ್ಟ ದೃಷ್ಟಿಗೆ ಎಷ್ಟು ನಿಲುಕುವುದೋ ಅಷ್ಟರಲ್ಲಿ ತೃಪ್ತಿಯಿಲ್ಲದವನಿಗೆ ಎಂಟು ಪಟ್ಟು ನಿಲುಕಿದರೂ ತೃಪ್ತಿಯಾಗದು. ಅವನು ಹತ್ತು ಪಟ್ಟನ್ನು ಕೇಳುವನು. ಅಲ್ಲದೆ ದುರ್ಬೀನು ಕೊಡುವುದು ಅಂಶವನ್ನೇ ಹೊರತು ಪೂರ್ಣವನ್ನಲ್ಲ. ಕುರುಡರು ಆನೆಯನ್ನು ಮುಟ್ಟಿ ನೋಡಿದ ಕಥೆಯನ್ನು ಅಂಧಗಜನ್ಯಾಯವೆಂದು ಶಾಸ್ತ್ರಕಾರರು ಹೇಳುವರಷ್ಟೆ. ಕಣ್ಣುಳ್ಳವನು ತಾನಾಗಿಯೇ ಆ ಕುರುಡರ ಸಾಲಿಗೆ ಸೇರಿಕೊಳ್ಳುವ ಉಪಾಯವೇ ದುರ್ಬೀನು ಎಂಬುದು ಇವರ ವಾದವು.

ಈ ವಾದಕ್ಕೆ ಮಾರ್ಜರಿ ಹಿಮನದಿಯ ಎದುರಿನಲ್ಲಿಯೇ ಬಲವಾದ ನಿದರ್ಶನವು ಸಿಕ್ಕುವುದು. 8 ಪಟ್ಟು ಹಿಗ್ಗಿಸುವ ಸಾಧಾರಣ ದುರ್ಬೀನೊಂದರಲ್ಲಿ ಸಾವಿರ ಮೀಟರು ದೂರದಲ್ಲಿ ಒಂದು ಸಲಕ್ಕೆ ಕಾಣುವ ಅಗಲವು ಸುಮಾರು 130 ಮೀಟರು. ಹಡಗು ಅರ್ಧ ಮೈಲಿ ದೂರದಲ್ಲಿ ನಿಂತಿದೆಯೆಂದುಕೊಂಡರೆ ಆ ಅಗಲವು ನೂರು ಮೀಟರಿಗೆ ಸ್ವಲ್ಪ ಮೇಲೆ. ಹಿಮಮುಖದ ಅಗಲವೋ ಒಂದು ಮೈಲಿ, ಎಂದರೆ ಸುಮಾರು 1600 ಮೀಟರು. ಆದುದರಿಂದ ದುರ್ಬೀನು ಹಿಡಿದವನು ಆ ಕ್ಷಣದಲ್ಲಿ ನೋಡುತ್ತಿರುವುದು ಹದಿನಾರರಲ್ಲಿ ಒಂದು ಪಾಲನ್ನು ಮಾತ್ರ. ಉಳಿದ ಹದಿನೈದು ಪಾಲಿಗೆ ಅವನು ಕುರುಡನು. ಎಲ್ಲಿ ಮಂಜಿನ ಗೋಪುರವು ಕಳಚಿ ಬೀಳುವುದೆಂದು ಯಾರಿಗೂ ಮುಂಚಿತವಾಗಿ ತಿಳಿಯದು. ಬಿದ್ದ ಸದ್ದನ್ನು ಕೇಳಿ ತಿರುಗೋಣವೆಂದರೆ, ಶಬ್ದವು ಒಂದು ಮೈಲಿ ಬರಲು ಸುಮಾರು 5 ಸೆಕೆಂಡು, ಅರ್ಧ ಮೈಲಿ ಬರಲು ಎರಡೂವರೆ ಸೆಕೆಂಡು ಬೇಕು. ಆ ನಾಡಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರು ಈ ಶಬ್ದವನ್ನು ಬಿಳಿಯ ಗುಡುಗೆಂದು ಕರೆಯುವರು. ಗುಡುಗು ಕೇಳಿದಾಗ ಮಿಂಚು ಆಗಿಹೋಗಿರುವಂತೆ, ಈ ಗುಡುಗು ಕಿವಿಗೆ ಬೀಳುವ ಹೊತ್ತಿಗೆ ಬಿದ್ದದ್ದು ನೀರಿನಲ್ಲಿ ಮುಳುಗುತ್ತಿರುವುದು. ಬರಿಗಣ್ಣಿನಿಂದ ಸುಮ್ಮನೆ ನಿಂತವನು ಎಲ್ಲವನ್ನೂ ಕಂಡನು; ಸಾಧನವಿದ್ದವನು ಕಾಣದೆ ಹೋದನು. ಇಷ್ಟು ಮಾತ್ರವು ಪೂರ್ವಪಕ್ಷದಲ್ಲಿ ಸತ್ಯವೆಂದು ಒಪ್ಪಬೇಕು.

ಆದರೆ ಇದರಿಂದ ದುರ್ಬೀನೇ ಬೇಡವೆಂದು ನಿರ್ಣಯಿಸುವುದು ಅವಸರದ ಮಾತು. ಕಾಣದಿರುವಿಕೆಯೆಂಬುದು ಒಂದೇ ಬಗೆಯ ರೋಗವಲ್ಲ. ಈಶ್ವರಕೃಷ್ಣನು ತನ್ನ ಸಾಂಖ್ಯಕಾರಿಕೆಯಲ್ಲಿ, ಇರುವ ವಸ್ತುವೂ ನಮಗೆ ಕಾಣದೆ ಹೋಗುವುದಕ್ಕೆ ಎಂಟು ಕಾರಣಗಳನ್ನು ಎಣಿಸಿರುವನು: ಅತಿ ದೂರ, ಅತಿ ಸಮೀಪ, ಇಂದ್ರಿಯದ ಕೆಡುಕು, ಮನಸ್ಸಿನ ಅಸ್ಥಿರತೆ, ವಸ್ತುವಿನ ಸೂಕ್ಷ್ಮತೆ, ನಡುವಣ ಮರೆ, ಬಲವಾದುದರಿಂದ ಮುಚ್ಚಿಹೋಗುವುದು, ಸಮಾನವಾದುದರಲ್ಲಿ ಬೆರೆತುಹೋಗುವುದು. ಪಾಠಶಾಲೆಗಳಲ್ಲಿ ಇದನ್ನು ಪ್ರಕೃತಿಯ ಸಿದ್ಧಿಗಾಗಿ ಓದಿಸುವರು; ನೌಕಾಯಾತ್ರಿಕನ ಪೆಟ್ಟಿಗೆಯಲ್ಲಿಯೂ ಇದಕ್ಕೆ ಸ್ಥಳವುಂಟು. ವೈದ್ಯನು ಔಷಧವನ್ನು ಕೊಡುವ ಮುನ್ನ ಇದು ಯಾವ ರೋಗಕ್ಕೆಂದು ಕೇಳುವಂತೆ, ದುರ್ಬೀನು ಈ ಎಂಟರಲ್ಲಿ ಎಷ್ಟಕ್ಕೆ ಮದ್ದು ಎಂದು ಕೇಳಿದರೆ ವಿಷಯವು ತಾನಾಗಿ ತಿಳಿಯಾಗುವುದು.

ಅತಿ ದೂರಕ್ಕೆ ಅದು ಮದ್ದೆಂಬುದರಲ್ಲಿ ವಿವಾದವಿಲ್ಲ. 800 ಮೀಟರು ದೂರದ ವಸ್ತುವು 8 ಪಟ್ಟಿನ ದುರ್ಬೀನಿನಲ್ಲಿ 100 ಮೀಟರು ದೂರದಲ್ಲಿರುವಂತೆ ತೋರುವುದು. ಸೂಕ್ಷ್ಮತೆಗೂ ಅಷ್ಟರ ಮಟ್ಟಿಗೆ ಮದ್ದು. ಅದೇ ಕೊಲ್ಲಿಯಲ್ಲಿ ದಕ್ಷಿಣ ಮಾರ್ಬಲ್ ಎಂಬ ನಡುಗಡ್ಡೆಯ ಬಂಡೆಗಳ ಮೇಲೆ ಕಡಲಸಿಂಹಗಳು ಹಿಂಡಾಗಿ ಮಲಗಿರುವುವು, ಪಫಿನ್ ಎಂಬ ಬಣ್ಣದ ಕೊಕ್ಕಿನ ಹಕ್ಕಿಗಳು ಗೂಡು ಕಟ್ಟುವುವು. ಬರಿಗಣ್ಣಿಗೆ ಆ ಹಕ್ಕಿಯು ನೀರಿನ ಮೇಲಣ ಒಂದು ಕರಿಯ ಚುಕ್ಕೆ. ಸಮಾನವಾದುದರಲ್ಲಿ ಬೆರೆತುಹೋಗುವುದಕ್ಕೆ ವ್ಯಾಖ್ಯಾನಕಾರರು ಸರೋವರದಲ್ಲಿ ಬಿದ್ದ ಮಳೆಯ ಹನಿಯನ್ನು ಉದಾಹರಿಸಿರುವರು. ಅಲಾಸ್ಕಾದಲ್ಲಿ ಅದಕ್ಕೆ ಬೆಟ್ಟದ ಆಡನ್ನು ಉದಾಹರಿಸಬಹುದು. ಕಡಿದಾದ ಬಂಡೆಯ ಮೇಲೆ ಅಲ್ಲಲ್ಲಿ ಉಳಿದ ಹಿಮದ ತುಣುಕುಗಳ ನಡುವೆ ಬಿಳಿಯ ಆಡೂ ಒಂದು ತುಣುಕಿನಂತೆಯೇ ಇರುವುದು. ಯಾವುದು ಹಿಮ, ಯಾವುದು ಪ್ರಾಣಿ ಎಂಬ ವಿವೇಕವನ್ನು ಅಲ್ಲಿ ದುರ್ಬೀನು ಮಾಡಿಕೊಡುವುದು. ಇಂದ್ರಿಯದ ಕೆಡುಕಿಗೆ ಅದು ಅರ್ಧ ಮದ್ದು: ದೂರದೃಷ್ಟಿ ಹ್ರಸ್ವದೃಷ್ಟಿಗಳ ದೋಷವನ್ನು ಅದರ ಗಾಲಿಯನ್ನು ತಿರುಗಿಸಿ ಬಹುಮಟ್ಟಿಗೆ ಸರಿಪಡಿಸಿಕೊಳ್ಳಬಹುದು, ಕಣ್ಣಿನ ಪೊರೆಯನ್ನು ಸರಿಪಡಿಸಲಾಗದು.

ಇನ್ನುಳಿದವುಗಳ ಮೇಲೆ ಅದರ ಬಲವು ನಡೆಯುವುದಿಲ್ಲ. ನಡುವೆ ಮಂಜು ಕವಿದರೆ ದುರ್ಬೀನು ಮಂಜನ್ನೇ ತೋರಿಸುವುದು. ನೀರಿನ ಮೇಲೆ ಸೂರ್ಯನ ಝಳಪು ಎದ್ದರೆ ಅದರಲ್ಲಿ ಮುಚ್ಚಿಹೋದುದು ಮುಚ್ಚಿಯೇ ಇರುವುದು. ಸೂರ್ಯನ ಕಡೆಗೆ ದುರ್ಬೀನನ್ನು ತಿರುಗಿಸುವುದಂತು ಕಣ್ಣನ್ನು ಕಳೆದುಕೊಳ್ಳುವ ದಾರಿ. ಮನಸ್ಸಿನ ಅಸ್ಥಿರತೆಗೆ ಅದು ಮದ್ದಾಗುವ ಬದಲು ಹಲವು ವೇಳೆ ಅಪಥ್ಯವಾಗುವುದು. ಅತ್ತ ನೋಡಿ ಇತ್ತ ನೋಡಿ, ಕಂಡುದನ್ನು ಕಾಣುವ ಮೊದಲೇ ಇನ್ನೊಂದನ್ನು ಹುಡುಕುವವನಿಗೆ ಅದು ಚಾಂಚಲ್ಯವನ್ನು ಎಂಟು ಪಟ್ಟು ಹಿಗ್ಗಿಸಿ ಕೊಡುವುದು.

ಎರಡನೆಯ ಕಾರಣವಾದ ಅತಿ ಸಾಮೀಪ್ಯವನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡೆವು. ಕಣ್ಣಿನಲ್ಲಿ ಹಚ್ಚಿಕೊಂಡ ಕಾಡಿಗೆಯು ಆ ಕಣ್ಣಿಗೆ ಕಾಣದೆಂಬುದು ಅದಕ್ಕೆ ಶಾಸ್ತ್ರದ ಉದಾಹರಣೆ. ಮನೆಯೊಳಗಿನ ಬಾಳಿನಲ್ಲಿ ಈ ಕಾಡಿಗೆಯ ಸ್ಥಾನದಲ್ಲಿರುವವರು ನಮ್ಮವರೇ. ನಲವತ್ತು ವರ್ಷ ಒಂದೇ ಸೂರಿನ ಕೆಳಗಿದ್ದ ದಂಪತಿಗಳು ಹಡಗಿನ ಕಟಕಟೆಯ ಬಳಿ ಒಟ್ಟಿಗೆ ನಿಂತಿರುವರು. ಯಜಮಾನರು ದುರ್ಬೀನಿನಲ್ಲಿ ಮೂರು ಮೈಲಿಯಾಚೆಯ ಕರಡಿಯನ್ನು ಅರಸುತ್ತಿರುವರು. ಗೃಹಿಣಿಯು ಚಳಿಯಲ್ಲಿ ನಡುಗುತ್ತಿರುವುದು ಅವರಿಗೆ ಕಾಣದು. ಮಗನು ಖರ್ಚುಮಾಡಿ ಕರೆದುತಂದ ತಾಯಿಯು ತನಗೇನೂ ಗುರುತು ಹತ್ತುತ್ತಿಲ್ಲವೆಂದು ಹೇಳಲು ಸಂಕೋಚಪಟ್ಟು, ಎಲ್ಲರೂ ಹೌದೆಂದಾಗ ತಾನೂ ಹೌದೆನ್ನುವಳು. ಅದು ಮಗನಿಗೆ ತಿಳಿಯದು. ದೂರದ್ದನ್ನು ಹತ್ತಿರಕ್ಕೆ ತರುವ ಸಾಧನದ ಸಂಗಡ ಬರುವ ಅಪಾಯವಿದು: ಹತ್ತಿರದ್ದು ದೂರಕ್ಕೆ ಸರಿಯುವುದು. ದುರ್ಬೀನಿನ ಗಾಜಿನಲ್ಲಿ ದೋಷವಿಲ್ಲ; ಹಿಡಿದವನು ಅದನ್ನು ಯಾವಾಗ ಕೆಳಗಿಳಿಸಬೇಕೆಂಬುದನ್ನು ಕಲಿಯದಿರುವುದೇ ದೋಷವು.

ಹಾಗಾದರೆ ಕಲಿಯತಕ್ಕ ಕ್ರಮವೇನು? ಇದಕ್ಕೆ ನಾವಿಕರ ಅನುಭವದಿಂದಲೇ ಒಂದು ಪ್ರಮಾಣವುಂಟು. 1912ನೆಯ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗು ಉತ್ತರ ಅಟ್ಲಾಂಟಿಕಿನಲ್ಲಿ ಹಿಮಬಂಡೆಗೆ ತಗುಲಿ, ಮಾರನೆಯ ಬೆಳಗಿನ ಜಾವದಲ್ಲಿ ಮುಳುಗಿ, 1500ಕ್ಕೂ ಮೇಲ್ಪಟ್ಟು ಜನರು ಸತ್ತ ವೃತ್ತಾಂತವನ್ನು ಕೇಳದವರಿಲ್ಲ. ಆ ಹಡಗಿನ ಕೂವೆಯ ಮೇಲಣ ಕಾವಲುಗಾರರಿಗೆ ಆ ಯಾತ್ರೆಯಲ್ಲಿ ದುರ್ಬೀನು ದೊರೆತಿರಲಿಲ್ಲ. ಹಿಮಬಂಡೆಯನ್ನು ಮೊದಲು ಕಂಡ ಫ್ರೆಡರಿಕ್ ಫ್ಲೀಟ್ ಎಂಬವನು, ದುರ್ಬೀನಿದ್ದಿದ್ದರೆ ಇನ್ನೂ ಸ್ವಲ್ಪ ಮೊದಲೇ ಕಾಣಬಹುದಾಗಿತ್ತೆಂದೂ ತಪ್ಪಿಸಿಕೊಳ್ಳಲು ಅಷ್ಟು ಸಾಕಾಗುತ್ತಿತ್ತೆಂದೂ ಅಮೆರಿಕದ ವಿಚಾರಣೆಯಲ್ಲಿ ಹೇಳಿದನು. ಇದನ್ನು ಕೇಳಿದವರು, ಸಾಧನವಿಲ್ಲದ್ದೇ ಅನರ್ಥಕ್ಕೆ ಕಾರಣವೆಂದು ತೀರ್ಮಾನಿಸಲು ಹೊರಡುವರು. ಆದರೆ ಇಂಗ್ಲೆಂಡಿನ ವಿಚಾರಣೆಯಲ್ಲಿ ಸಾಕ್ಷಿ ಹೇಳಿದ ಧ್ರುವಪ್ರದೇಶದ ಸಂಚಾರಿ ಅರ್ನೆಸ್ಟ್ ಶ್ಯಾಕಲ್ಟನ್ನನ ಅಭಿಪ್ರಾಯವು ಬೇರೆಯಾಗಿದ್ದಿತು. ಕಾವಲುಗಾರನಿಗೆ ದುರ್ಬೀನನ್ನು ಕೊಡಬಾರದು. ಬರಿಗಣ್ಣಿಗೆ ದಿಗಂತವೆಲ್ಲವೂ ಒಮ್ಮೆಗೇ ಸಿಕ್ಕುವುದು, ದುರ್ಬೀನು ಅದನ್ನು ಒಂದು ಮೂಲೆಗೆ ಕಟ್ಟಿಹಾಕುವುದು. ಕಾವಲುಗಾರನು ಏನನ್ನಾದರೂ ಕಂಡು ತಿಳಿಸಿದ ಮೇಲೆ ಅಧಿಕಾರಿಯು ಅದನ್ನು ದುರ್ಬೀನಿನಿಂದ ನೋಡಿ ಇಂಥದೆಂದು ಗೊತ್ತುಮಾಡಬೇಕು, ಎಂಬುದು ಅವನ ಮಾತಿನ ತಾತ್ಪರ್ಯವು. ಹಿಮಸಮುದ್ರದಲ್ಲಿ ಹಡಗು ನಡೆಸಿದವನ ಮಾತಾದುದರಿಂದ ಇದಕ್ಕೆ ತೂಕವುಂಟು.

ನಮ್ಮ ನೈಯಾಯಿಕರು ಪ್ರತ್ಯಕ್ಷದಲ್ಲಿ ಎರಡು ಮೆಟ್ಟಿಲುಗಳನ್ನು ಹೇಳಿರುವರು. ಏನೋ ಒಂದು ಇದೆ ಎಂದು ತೋರುವುದು ನಿರ್ವಿಕಲ್ಪಕವು. ಇದು ಇಂಥದು ಎಂದು ಹೆಸರು ಜಾತಿಗಳೊಡನೆ ತಿಳಿಯುವುದು ಸವಿಕಲ್ಪಕವು. ಮೊದಲನೆಯದಿಲ್ಲದೆ ಎರಡನೆಯದು ಹುಟ್ಟದು. ಕಾವಲುಗಾರನ ಬರಿಗಣ್ಣು ಮೊದಲನೆಯ ಮೆಟ್ಟಿಲು, ಅಧಿಕಾರಿಯ ದುರ್ಬೀನು ಎರಡನೆಯದು ಎಂದರೆ ಹೋಲಿಕೆಯು ಪೂರ್ಣವಾಗದಿದ್ದರೂ ಉಪಯುಕ್ತವು. ಮದುವೆಯ ರಾತ್ರಿ ವಧೂವರರಿಗೆ ಅರುಂಧತೀ ನಕ್ಷತ್ರವನ್ನು ತೋರಿಸುವ ಕ್ರಮವೂ ಇದೇ. ಪುರೋಹಿತರು ಮೊದಲು ಸಪ್ತರ್ಷಿ ಮಂಡಲವನ್ನು ತೋರಿಸಿ, ಅದರಲ್ಲಿ ವಸಿಷ್ಠನನ್ನು ತೋರಿಸಿ, ಅವನ ಮಗ್ಗುಲಲ್ಲಿರುವ ಮಸುಕಾದ ಚುಕ್ಕೆಯನ್ನು ಕಡೆಗೆ ತೋರಿಸುವರು. ದೊಡ್ಡದರಿಂದ ಸಣ್ಣದಕ್ಕೆ ದೃಷ್ಟಿಯನ್ನು ಕೈಹಿಡಿದು ನಡೆಸಬೇಕು. ಯಾತ್ರಿಕನೂ ಮೊದಲು ಇಡೀ ಕೊಲ್ಲಿಯನ್ನು ಕಣ್ಣುತುಂಬ ನೋಡಲಿ. ಅಲ್ಲಿ ಒಂದು ಚಲನೆ, ಒಂದು ಬಿಳುಪು, ನೀರಿನಿಂದೆದ್ದ ಒಂದು ತುಂತುರು ಗೋಚರವಾದ ಮೇಲೆ ದುರ್ಬೀನನ್ನು ಎತ್ತಲಿ. ಗುರುತು ಹತ್ತಿದ ಮೇಲೆ ಮರಳಿ ಇಳಿಸಲಿ. ಹಿಮಪ್ರಾಕಾರದ ಎದುರಿನಲ್ಲಿ ಎತ್ತದೆಯೇ ಇರಲಿ. ಹೀಗೆ ಮಾಡಿದರೆ ಪೂರ್ವಪಕ್ಷದವರ ಅಂಧಗಜದ ಭಯವು ತೀರುವುದು.

ಇಷ್ಟರಿಂದ ದುರ್ಬೀನು ನಿರ್ದೋಷವೆಂದು ತೋರಿದಂತಾಯಿತು. ಅದು ಗುಣವೂ ಆಗಿರುವುದೆಂಬುದಕ್ಕೆ ಇನ್ನೊಂದು ಕಾರಣವುಂಟು. ನಮ್ಮ ಮತದಲ್ಲಿ ಅದೇ ಮುಖ್ಯವಾದುದು. ನೋಡುವ ಆಸೆಯು ಹುಟ್ಟಿದ ಮೇಲೆ ಮನುಷ್ಯನು ಹತ್ತಿರ ಹೋಗದೆ ಇರಲಾರನು. ಹತ್ತಿರ ಹೋದುದರ ಕಷ್ಟವನ್ನು ಅನುಭವಿಸುವುದು ಮಾತ್ರ ಇನ್ನೊಂದು ಜೀವವು. ಆ ಕೊಲ್ಲಿಯ ಜಾನ್ಸ್ ಹಾಪ್ಕಿನ್ಸ್ ಎಂಬ ಒಳಚಾಚಿನಲ್ಲಿ ಸೀಲ್ ಎಂಬ ಕಡಲನಾಯಿಗಳು ತೇಲುವ ಮಂಜುಗಡ್ಡೆಗಳ ಮೇಲೆ ಮರಿಹಾಕುವುವು. ಹಡಗು ಸಮೀಪಿಸಿದರೆ ತಾಯಿಮರಿಗಳು ಬೆದರಿ ಕೊರೆಯುವ ನೀರಿಗೆ ಧುಮುಕುವುವು. ಎಳೆಯ ಮರಿಗೆ ಮೈಯ ಕಾವೂ ವಿಶ್ರಾಂತಿಯೂ ತಪ್ಪುವುವು. ಆದುದರಿಂದ ಮೇ 1ರಿಂದ ಆಗಸ್ಟ್ 31ರವರೆಗೆ ಅಲ್ಲಿಗೆ ವಿಹಾರನೌಕೆಗಳ ಪ್ರವೇಶವನ್ನು ನಿಷೇಧಿಸಿರುವರು. ಗೂನುಬೆನ್ನಿನ ತಿಮಿಂಗಿಲಗಳಿಗೆ 100 ಗಜಕ್ಕಿಂತ ಹತ್ತಿರ ಹೋಗಕೂಡದೆಂದು ಅಲಾಸ್ಕಾದ ಸಮುದ್ರಕ್ಕೆಲ್ಲ 2001ರಲ್ಲಿ ನಿಬಂಧನೆಯಾಯಿತು. ಗ್ಲೇಸಿಯರ್ ಬೇ ಉದ್ಯಾನದ ನೀರಿನಲ್ಲಿ ಆ ಅಂತರವು ಕಾಲು ನಾಟಿಕಲ್ ಮೈಲಿ, ಎಂದರೆ ಸುಮಾರು 460 ಮೀಟರು. ಆ ದೂರದ ತಿಮಿಂಗಿಲವು 8 ಪಟ್ಟಿನ ದುರ್ಬೀನಿನಲ್ಲಿ 60 ಮೀಟರಿಗಿಂತ ಕಡಮೆ ದೂರದಲ್ಲಿರುವಂತೆ ಕಾಣುವುದು. ಇಲ್ಲಿ ನೋಡುವವನ ಆಸೆಯೂ ತೀರಿತು, ತಿಮಿಂಗಿಲದ ನೆಮ್ಮದಿಯೂ ಉಳಿಯಿತು. ಅಹಿಂಸೆಯೆಂಬುದು ಕೈಕಾಲುಗಳಿಗೆ ಸಂಬಂಧಪಟ್ಟ ವ್ರತವೆಂದು ನಾವು ತಿಳಿಯುವೆವು. ಕುತೂಹಲವೂ ಹಿಂಸೆ ಮಾಡಬಲ್ಲುದು. ಆ ಹಿಂಸೆಯನ್ನು ತಪ್ಪಿಸಲು ಎರಡು ಗಾಜುಗಳು ಸಹಾಯಕವಾಗುವುದಾದರೆ ಅವುಗಳನ್ನು ಭೋಗಸಾಮಗ್ರಿಯೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಆದರೆ ಇದೇ ಗುಣವು ಮನುಷ್ಯರ ವಿಷಯದಲ್ಲಿ ತಲೆಕೆಳಗಾಗುವುದು. ತಾನು ಕಾಣಿಸಿಕೊಳ್ಳದೆ ಇನ್ನೊಬ್ಬರನ್ನು ನೋಡುವ ಶಕ್ತಿಯು ದುರ್ಬೀನಿನಿಂದ ಬರುವುದು. ತಿಮಿಂಗಿಲಕ್ಕೆ ಅದರಿಂದ ಲಾಭವು. ದಡದ ಮನೆಯ ಅಂಗಳದಲ್ಲಿ ಬಟ್ಟೆ ಒಣಹಾಕುವ ಹೆಣ್ಣುಮಗಳಿಗೆ ಅದರಿಂದ ಅವಮಾನವು. ಗ್ಲೇಸಿಯರ್ ಬೇ ನಿರ್ಜನವಾದ ಚಿತ್ರಪಟವಲ್ಲ. ಅದು ಹೂನಾ ಟ್ಲಿಂಗಿಟ್ ಜನರ ಪೂರ್ವಿಕರ ನೆಲ. ಹದಿನೆಂಟನೆಯ ಶತಮಾನದಲ್ಲಿ ಹಿಮನದಿಯು ಮುಂದಕ್ಕೆ ನುಗ್ಗಿ ಬಂದುದರಿಂದ ಅವರು ಊರುಗಳನ್ನು ಬಿಟ್ಟು ಹೊರಡಬೇಕಾಯಿತು. ಮಂಜು ಸರಿದ ಮೇಲೂ ಆ ನೆಲದ ಮೇಲಣ ಹಕ್ಕು ಅವರಿಗೆ ಸುಲಭವಾಗಿ ಮರಳಲಿಲ್ಲ. 2016ರಲ್ಲಿ ಬಾರ್ಟ್ಲೆಟ್ ಕೋವ್ ಎಂಬಲ್ಲಿ ಅವರ ಕುಲಮಂದಿರವು ಪ್ರತಿಷ್ಠಿತವಾಯಿತು. ಹಡಗುಗಳು ನಿಲ್ಲುವ ದಾರಿಯಲ್ಲಿ ಹೂನಾ ಎಂಬ ಅವರ ಊರೂ ಇದೆ. ಅಲ್ಲಿ ಮೀನು ಹಿಡಿಯುವವರೂ ಶಾಲೆಗೆ ಹೋಗುವ ಮಕ್ಕಳೂ ಇರುವರು. ಅವರನ್ನು ಬಂಡೆಯ ಮೇಲಣ ಕಡಲಸಿಂಹಗಳಂತೆ ಗಾಜಿನೊಳಗೆ ಹಿಡಿದು ನೋಡುವುದು ಸಲ್ಲದು. ನಮ್ಮ ಹೊಳೆಯ ಮೆಟ್ಟಿಲಿನ ಮೇಲೆ ಸ್ನಾನ ಮಾಡುವವರನ್ನು ಪರದೇಶದ ದೋಣಿಯೊಂದು ದುರ್ಬೀನು ಹಿಡಿದು ನೋಡುತ್ತಿದ್ದರೆ ನಮಗೆ ಹೇಗಾಗುವುದೆಂದು ಊಹಿಸಿದರೆ ಸಾಕು. ಎದುರಿನವರು ನಮ್ಮತ್ತ ದುರ್ಬೀನನ್ನೆತ್ತಿದರೆ ನಾಚಿ ಕೆಳಗಿಳಿಸುವಂತಾಗುವುದಾದರೆ ಮೊದಲೇ ಎತ್ತದಿರುವುದು ಮರ್ಯಾದೆ. ಮನುಷ್ಯರನ್ನು ನೋಡಬೇಕೆಂಬ ಆಸೆಯಿದ್ದವನು ದಡಕ್ಕಿಳಿದು, ಮಾತನಾಡಿಸಿ, ತನ್ನನ್ನೂ ಅವರಿಗೆ ತೋರಿಸಿಕೊಂಡು ನೋಡಬೇಕು.

ಇನ್ನು ಯಾವ ಬಗೆಯ ದುರ್ಬೀನೆಂಬ ಪ್ರಶ್ನೆಯು ಉಳಿಯಿತು. ಈ ಯಂತ್ರಕ್ಕೂ ಸಮುದ್ರಕ್ಕೂ ಸಂಬಂಧವು ಹಳೆಯದು. 1608ರಲ್ಲಿ ಹಾಲೆಂಡಿನ ಲಿಪ್ಪರ್ಷೇ ಎಂಬ ಕನ್ನಡಕದ ಕಸಬಿನವನು ದೂರದರ್ಶಕಕ್ಕಾಗಿ ಸರಕಾರದ ಹಕ್ಕುಪತ್ರವನ್ನು ಬೇಡಿದನು. ಮರುವರ್ಷವೇ ಗೆಲಿಲಿಯೋ ವೆನಿಸ್ ನಗರದ ಹಿರಿಯರನ್ನು ಗಂಟೆಗೋಪುರದ ಮೇಲೆ ಹತ್ತಿಸಿ, ಬರಿಗಣ್ಣಿಗೆ ಇನ್ನೂ ಕಾಣದಿದ್ದ ಹಡಗುಗಳನ್ನು ತೋರಿಸಿದನು. 1854ರಲ್ಲಿ ಇಟಲಿಯ ಪೊರ್ರೋ ಎಂಬವನು ಪಟ್ಟಕಗಳನ್ನು ಒಳಗಿಟ್ಟು ನಳಿಗೆಯನ್ನು ಮೋಟುಮಾಡುವ ಉಪಾಯವನ್ನು ಕಂಡುಹಿಡಿದನು. 1894ರಲ್ಲಿ ಜರ್ಮನಿಯ ಜೈಸ್ ಕಾರ್ಖಾನೆಯವರು ಅದೇ ಉಪಾಯದ ಜೋಡಿ ದುರ್ಬೀನುಗಳನ್ನು ಮಾರಾಟಕ್ಕೆ ತಂದರು. ದುರ್ಬೀನಿನ ಮೇಲೆ ಎರಡು ಅಂಕಗಳನ್ನು ಕೆತ್ತುವ ರೂಢಿಯಿದೆ. 8x42 ಎಂದಿದ್ದರೆ 8 ಎಂಬುದು ಹಿಗ್ಗಿಸುವ ಪಟ್ಟು, 42 ಎಂಬುದು ಮುಂದಣ ಗಾಜಿನ ವ್ಯಾಸವು ಮಿಲಿಮೀಟರುಗಳಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬಂದು ಸೇರುವ ಬೆಳಕಿನ ಕಂಬದ ದಪ್ಪವು ಸಿಕ್ಕುವುದು.

ಈ ಲೆಕ್ಕವನ್ನು ಬಲ್ಲವನು ವ್ಯಾಪಾರಿಯ ಮಾತಿಗೆ ಮರುಳಾಗನು. ನಾವಿಕರ ದುರ್ಬೀನೆಂದು ಪ್ರಸಿದ್ಧವಾದುದು 7x50. ಅದರ ಬೆಳಕಿನ ಕಂಬವು ಸುಮಾರು 7 ಮಿಲಿಮೀಟರು. ಕತ್ತಲೆಯಲ್ಲಿ ಹಿಗ್ಗಿದ ಯುವಕನ ಕಣ್ಣುಪಾಪೆಗೆ ಅದು ಒಪ್ಪುವುದು. ಅರುವತ್ತು ದಾಟಿದವರ ಪಾಪೆಯು ಕತ್ತಲಲ್ಲಿಯೂ ಸಾಮಾನ್ಯವಾಗಿ 5 ಮಿಲಿಮೀಟರಿಗಿಂತ ಹೆಚ್ಚಾಗಿ ಅರಳದು; ಮಿಕ್ಕ ಬೆಳಕು ವ್ಯರ್ಥವು. ಮೇಲಾಗಿ ಅಲಾಸ್ಕಾದ ಆ ಭಾಗದಲ್ಲಿ ಜೂನ್ ತಿಂಗಳಿನ ಹಗಲು ಸುಮಾರು 18 ಗಂಟೆ. ಹೀಗಿರಲು ಒಂದು ಕಿಲೋಗ್ರಾಮಿನಷ್ಟು ಭಾರವನ್ನು ಮುದಿಯ ಕುತ್ತಿಗೆಗೆ ಏಕೆ ತೂಗುಹಾಕಬೇಕು? 10 ಪಟ್ಟಿನದು ಹೆಚ್ಚು ತೋರಿಸುವುದೆಂಬುದು ದಿಟ. ಕೈಯ ನಡುಕವನ್ನೂ ಹಡಗಿನ ಯಂತ್ರದ ಅದಿರನ್ನೂ ಅಷ್ಟೇ ಪಟ್ಟು ಹೆಚ್ಚು ತೋರಿಸುವುದು, ಕಾಣುವ ಅಗಲವನ್ನು ಸಾಮಾನ್ಯವಾಗಿ ಕುಗ್ಗಿಸುವುದು. ಅದಕ್ಕೂ ಮೇಲ್ಪಟ್ಟುದನ್ನು ಕೈಯಲ್ಲಿ ಸ್ಥಿರವಾಗಿ ಹಿಡಿಯುವುದೇ ಕಷ್ಟವು. ಜೇಬಿನಲ್ಲಿ ಹಿಡಿಸುವ 10x25ರ ಬೆಳಕು ಎರಡೂವರೆ ಮಿಲಿಮೀಟರು. ಮೋಡ ಮಳೆಗಳ ಆ ಕಡಲಿನಲ್ಲಿ ಅದು ಮಂಕಾಗುವುದು. ಆದುದರಿಂದ ಬಹುಜನರಿಗೆ 8x42, ಹಗುರವನ್ನು ಬಯಸುವವರಿಗೆ 8x32 ಯೋಗ್ಯವೆಂದು ತೋರುವುದು. ನೀರು ಹೊಗದಂತೆ ಮಾಡಿ ಒಳಗೆ ನೈಟ್ರೋಜನ್ ತುಂಬಿದುದಾದರೆ ಒಳಗಿನ ಗಾಜು ಮಂಜು ಹಿಡಿಯದು. ಕನ್ನಡಕ ಧರಿಸುವವರು ಗಾಜಿನಿಂದ ಕಣ್ಣಿಗೆ 15 ಮಿಲಿಮೀಟರಾದರೂ ಎಡೆಯನ್ನು ಕೊಡುವುದನ್ನೇ ಆರಿಸಬೇಕು. ವಿದ್ಯುತ್ಕೋಶದ ಸಹಾಯದಿಂದ ಬಿಂಬವನ್ನು ಅಲುಗದಂತೆ ನಿಲ್ಲಿಸುವ ದುರ್ಬೀನುಗಳೂ ಉಂಟು. ಅವುಗಳ ಬೆಲೆ ಹೆಚ್ಚು. ಗಟ್ಟಿಕೈಯವರಿಗೆ ಅದು ಆಡಂಬರವು. ವಾತದಿಂದಲೋ ವೃದ್ಧಾಪ್ಯದಿಂದಲೋ ಕೈ ನಡುಗುವವರಿಗೆ ಊರುಗೋಲಿನಷ್ಟೇ ನ್ಯಾಯವಾದ ವಸ್ತುವು. ಹಿಡಿಯುವಾಗ ಮೊಳಕೈಗಳನ್ನು ಎದೆಗೆ ಒತ್ತಿಕೊಳ್ಳಬೇಕು. ಕಟಕಟೆಗೆ ಊರಿದರೆ ಯಂತ್ರದ ಅದಿರು ಅದರ ಮೂಲಕ ಏರಿಬರುವುದು. ಉಪ್ಪುನೀರು ಸಿಡಿದರೆ ಒಣಬಟ್ಟೆಯಿಂದ ಉಜ್ಜದೆ ಮೊದಲು ಸಿಹಿನೀರಿನಿಂದ ತೊಳೆಯಬೇಕು.

ಎಷ್ಟು ದುರ್ಬೀನುಗಳು ಎಂಬುದನ್ನು ಯಾರೂ ಕೇಳುವುದಿಲ್ಲ, ಕೇಳತಕ್ಕದ್ದು. ತಲೆಗೊಂದು ಇದ್ದರೆ ಜಗಳವಿಲ್ಲವೆಂಬುದು ಲೋಕದ ಮಾತು. ತಿಮಿಂಗಿಲದ ಬಾಲವು ಎರಡು ಕ್ಷಣ ಮೇಲೆದ್ದು ಮುಳುಗುವಾಗ ಕೈಯಿಂದ ಕೈಗೆ ದಾಟಿಸಲು ವೇಳೆಯೆಲ್ಲಿ ಎಂದು ಅವರು ಕೇಳುವರು. ಆದರೆ ಅಂಥ ಕ್ಷಣಿಕ ದೃಶ್ಯಗಳಿಗೆ ಬರಿಗಣ್ಣೇ ಉತ್ತಮವೆಂದು ಮೇಲೆ ಹೇಳಿದ ಕ್ರಮದಿಂದಲೇ ಸಿದ್ಧವಾಗಿದೆ. ಬೆಟ್ಟದ ಆಡು, ಗೂಡಿನ ಹಕ್ಕಿ, ಬಂಡೆಯ ಮೇಲಣ ಕಡಲಸಿಂಹ, ದಡದಲ್ಲಿ ಕಲ್ಲುಮಗುಚುವ ಕರಡಿ, ಇವು ಕಾದು ನಿಲ್ಲುವುವು. ಇವುಗಳಿಗೆ ಒಂದು ದುರ್ಬೀನು ಇಬ್ಬರಿಗೆ ಧಾರಾಳವಾಗಿ ಸಾಕು. ಒಂದೇ ಇರುವಲ್ಲಿ ಕಂಡವನು ಕಾಣದವರಿಗೆ ದಾರಿ ಹೇಳಬೇಕಾಗುವುದು: ಆ ಎರಡು ಜಲಪಾತಗಳ ನಡುವೆ, ಕರಿಯ ಬಂಡೆಯಿಂದ ಬಲಕ್ಕೆ, ಎಂದು ಅರುಂಧತಿಯನ್ನು ತೋರಿಸುವಂತೆ ತೋರಿಸಬೇಕಾಗುವುದು. ಸಂಕೋಚದಿಂದ ಹೌದೆಂದ ತಾಯಿಗೆ ಮಗನು ತನ್ನ ಕೈಯಾರೆ ದುರ್ಬೀನನ್ನು ಕೊಟ್ಟು, ಅವಳ ಕಣ್ಣಿಗೆ ಗಾಲಿಯನ್ನು ಹೊಂದಿಸಿ, ಅವಳು ನಿಜವಾಗಿ ಕಂಡಳೆಂಬುದನ್ನು ಅವಳ ಮಾತಿನಿಂದ ತಿಳಿಯುವವರೆಗೆ ಕಾದಿರುವನು. ಅತಿ ಸಾಮೀಪ್ಯದ ದೋಷಕ್ಕೆ ಗಾಜಿನಲ್ಲಿ ಮದ್ದಿಲ್ಲವೆಂದೆವಷ್ಟೆ. ಗಾಜನ್ನು ಇನ್ನೊಬ್ಬರಿಗೆ ಕೊಡುವುದರಲ್ಲಿ ಆ ಮದ್ದು ಇದೆ.

ಅಂತು ನಮ್ಮ ನಿರ್ಣಯವು ಇಷ್ಟು. ಯಾತ್ರಿಕರು ದುರ್ಬೀನನ್ನು ಒಯ್ಯಲಿ. ಇಬ್ಬರಿಗೆ ಒಂದನ್ನು, ಹಗುರವಾದ 8 ಪಟ್ಟಿನದನ್ನು ಒಯ್ಯಲಿ. ಒಂದು ವಾರಕ್ಕೆ ಮಾತ್ರ ಬೇಕಾದವರು ಸ್ನೇಹಿತರಿಂದ ಎರವಲು ತಂದರೆ ಕುಂದಿಲ್ಲ. ಕೊಂಡವರು ಊರಿಗೆ ಮರಳಿದ ಮೇಲೆ ತಮ್ಮ ಊರ ಕೆರೆಯ ಹಕ್ಕಿಗಳನ್ನೂ ಅದರಲ್ಲಿ ನೋಡುವ ಅಭ್ಯಾಸವನ್ನಿಟ್ಟುಕೊಳ್ಳಲಿ. ಮೊದಲು ಕಣ್ಣು, ಆಮೇಲೆ ಗಾಜು, ಗುರುತಾದೊಡನೆ ಪಕ್ಕದವರ ಕೈಗೆ ಎಂಬ ಕ್ರಮವನ್ನು ತಪ್ಪದಿರಲಿ. ಪ್ರಾಣಿಗಳನ್ನು ದೂರದಿಂದಲೇ ನೋಡಲಿ, ಮನುಷ್ಯರನ್ನು ಹಾಗೆ ನೋಡದಿರಲಿ. 1794ರ ನಾವಿಕರು ಕಂಡ ಹಿಮಪ್ರಾಕಾರವನ್ನು ಈಗ ಯಾವ ದುರ್ಬೀನಿನಿಂದಲೂ ಕಾಣಲಾಗದು. ಇಂದು ನಿಂತಿರುವುದು ನಮ್ಮ ಮೊಮ್ಮಕ್ಕಳ ಕಾಲಕ್ಕೆ ಎಲ್ಲಿರುವುದೋ ಹೇಳಬಲ್ಲವರಿಲ್ಲ. ಇರುವಾಗ ಅದನ್ನು ಸರಿಯಾಗಿ ನೋಡಿ, ಕಂಡುದನ್ನು ಕಾಣದವರಿಗೆ ಸರಿಯಾಗಿ ಹೇಳುವುದು ಹೋಗಿ ಬಂದವರ ಕರ್ತವ್ಯವು. ಈ ವಿಷಯದಲ್ಲಿ ಬೇರೆ ಅಭಿಪ್ರಾಯವುಳ್ಳ ವಾಚಕರು ಅದನ್ನು ಈ ಪತ್ರಿಕೆಯ ಮೂಲಕ ತಿಳಿಸಿದರೆ ವಿಚಾರವು ಇನ್ನಷ್ಟು ಬೆಳೆಯುವುದು.